ಮಕ್ಕಳ ಪ್ರಯಾಣ ಸುರಕ್ಷತೆ (ಭಾರತ)

ವಾಹನದಲ್ಲಿ ಸಾಗುವ ಮಗುವನ್ನು ಅಪಘಾತದ ಪೆಟ್ಟಿನಿಂದ ಕಾಪಾಡುವ ಸಾಧನ, ಕಾನೂನು, ರೂಢಿಗಳೆಲ್ಲ ಮಕ್ಕಳ ಪ್ರಯಾಣ ಸುರಕ್ಷತೆಯ ವ್ಯಾಪ್ತಿಗೆ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ. ಒಟ್ಟು ರಸ್ತೆ ಸಾವುಗಳಲ್ಲಿ ಶೇ 90ಕ್ಕೂ ಹೆಚ್ಚು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಈ ಕ್ಷೇತ್ರದ ತಿಳಿವಳಿಕೆ ಬೆಳೆದದ್ದು ಬಹುಮಟ್ಟಿಗೆ ಕಾರುಗಳ ಸುತ್ತ. ಭಾರತದ ನೋಂದಾಯಿತ ವಾಹನಗಳಲ್ಲಾದರೋ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳು.

ಕಾರಿನ ಸೀಟ್ ಬೆಲ್ಟ್ ದೊಡ್ಡವರ ಅಳತೆಯದು. ಮಗುವಿಗೆ ಅದು ಭುಜದ ಬದಲು ಕುತ್ತಿಗೆಗೂ ಸೊಂಟದ ಬದಲು ಹೊಟ್ಟೆಗೂ ಒತ್ತುತ್ತದೆ. ಆದ್ದರಿಂದ ಎತ್ತರ 135 ಸೆಂ.ಮೀ. ಮುಟ್ಟುವವರೆಗೆ ಮಕ್ಕಳಿಗೆ ಪ್ರತ್ಯೇಕ ಆಸನ ಬೇಕು. ಕೂಸಿನ ತಲೆ ದೊಡ್ಡದು, ಕತ್ತು ಎಳೆಯದು. ಹಾಗಾಗಿ ಅದರ ಆಸನ ಹಿಂದಕ್ಕೆ ಮುಖ ಮಾಡಿರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಇಡಲೇಬಾರದು. ಮಡಿಲಲ್ಲಿ ಗಟ್ಟಿಯಾಗಿ ಹಿಡಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ 10 ಕಿಲೋ ತೂಕದ ಮಗುವನ್ನು ತಡೆಯಲು ಸುಮಾರು 200 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ ವಿಧಿಸುತ್ತದೆ.

ದ್ವಿಚಕ್ರ ವಾಹನದ ಮಾತು ಇನ್ನೂ ಕಠಿಣ. ಮಗು ಸ್ಕೂಟರಿನ ಮುಂದೆ ಹ್ಯಾಂಡಲ್ ಹಿಡಿದು ನಿಂತಿರುತ್ತದೆ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತಿರುತ್ತದೆ, ಇಲ್ಲವೇ ಅಪ್ಪ ಅಮ್ಮನ ನಡುವೆ ಒತ್ತಿಕೊಂಡು ನಿದ್ದೆಗೆ ಜಾರಿರುತ್ತದೆ. ದಿಢೀರನೆ ಬ್ರೇಕ್ ಹಾಕಿದಾಗ ಮುಂದೆ ನಿಂತ ಮಗುವಿನ ಮುಖ ನೇರ ಹ್ಯಾಂಡಲಿಗೆ ಬಡಿಯುತ್ತದೆ. ಕಾಯ್ದೆ ಹೆಲ್ಮೆಟ್ ಕಡ್ಡಾಯ ಮಾಡಿರುವುದು ನಾಲ್ಕು ವರ್ಷ ಮೀರಿದವರಿಗೆ. ಅದಕ್ಕಿಂತ ಚಿಕ್ಕವರಿಗಾಗಿ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮ ಒಂದು ವರ್ಷದ ನಂತರ ಜಾರಿಗೆ ಬಂತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಗೆ ಹೊಂದುವ ಹೆಲ್ಮೆಟ್ ಮತ್ತು ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಮಗು ತೊಡುವ ಅಂಗಿಯಂಥ ಕವಚವನ್ನು ಈ ಪಟ್ಟಿ ಸವಾರನ ಭುಜಕ್ಕೆ ಬಿಗಿಯುತ್ತದೆ. ತೂಕಡಿಸುವ ಮಗು ರಸ್ತೆ ಉಬ್ಬಿನಲ್ಲಿ ಜಾರಿ ಬೀಳದಂತೆ ಅದು ತಡೆಯುತ್ತದೆ. ಆದರೆ ಸವಾರನೇ ಬಿದ್ದರೆ ಮಗುವೂ ಬೀಳುತ್ತದೆ. ಕಾರಿನ ಆಸನ ಕೊಡುವ ರಕ್ಷಣೆಗೆ ಇದನ್ನು ಹೋಲಿಸಲಾಗದು.

ಹೆಲ್ಮೆಟ್ ನಿಯಮ ಬಂದರೂ ಅದು ಮಕ್ಕಳನ್ನು ತಾನಾಗಿ ತಲುಪದು ಎಂಬುದಕ್ಕೆ ವಿಯೆಟ್ನಾಂ ಉದಾಹರಣೆ. ಆ ದೇಶ 2007ರ ಡಿಸೆಂಬರಿನಲ್ಲಿ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ದೊಡ್ಡವರು ಬಹುಬೇಗ ಒಗ್ಗಿಕೊಂಡರು, ಮಕ್ಕಳ ತಲೆ ಮಾತ್ರ ಬರಿದಾಗಿಯೇ ಉಳಿಯಿತು. ಹೆಲ್ಮೆಟಿನ ಭಾರಕ್ಕೆ ಮಗುವಿನ ಕತ್ತು ನೋಯುತ್ತದೆಂಬ ಹೆತ್ತವರ ಆತಂಕ ಇದಕ್ಕೊಂದು ಕಾರಣ. 2010ರಲ್ಲಿ ದಂಡದ ನಿಯಮವನ್ನು ಆರು ವರ್ಷ ಮೇಲ್ಪಟ್ಟ ಮಕ್ಕಳಿಗೂ ವಿಸ್ತರಿಸಬೇಕಾಯಿತು.

ಶಾಲಾ ಬಸ್ಸುಗಳಿಗೆ ಮುಚ್ಚುವ ಬಾಗಿಲು, ಅನುಭವಿ ಚಾಲಕ, ಜತೆಗೊಬ್ಬ ಸಹಾಯಕ ಇರಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಕರ್ನಾಟಕದ ಪಟ್ಟಣಗಳಲ್ಲಿ ಮಕ್ಕಳ ದೊಡ್ಡ ಪಾಲು ಬಸ್ಸಿನ ಬದಲು ಆಟೊ ಹತ್ತುತ್ತದೆ. ಸೀಟಿನ ಎದುರು ಹಲಗೆ ಹಾಕಿ, ಬ್ಯಾಗುಗಳನ್ನು ಹೊರಗೆ ತೂಗುಹಾಕಿ, ಚಾಲಕನ ಪಕ್ಕದಲ್ಲೂ ಒಬ್ಬನನ್ನು ಕೂರಿಸುವುದುಂಟು. ಬಸ್ಸಿನ ಶುಲ್ಕ ಕಟ್ಟಲಾಗದ ಮನೆಗಳಿಗೆ ಬೇರೆ ದಾರಿಯಿಲ್ಲ. ಆಟೊ ತಡೆದು ದಂಡ ಹಾಕಿದರೆ ಆ ಮಕ್ಕಳು ಮರುದಿನ ಸ್ಕೂಟರಿನ ಮುಂದೆ ನಿಲ್ಲುತ್ತಾರೆ.