ಅವರೆಕಾಯಿ ಸೊಗಡಿನ ಕತೆ

ಅವರೆಕಾಯಿ ಸುಲಿದ ಕೈಯನ್ನ ಬರೀ ನೀರಲ್ಲಿ ಎಷ್ಟು ಸಲ ತೊಳೆದ್ರೂ ವಾಸನೆ ಹೋಗಲ್ಲ, ಸೋಪು ಹಾಕಿದ್ರೆ ಹೋಗುತ್ತೆ. ಯಾಕಂದ್ರೆ ಸೊಗಡು ಅನ್ನೋದು ಒಂದು ಥರದ ಎಣ್ಣೆ ಕಣ್ರಮ್ಮ. ಸಿಪ್ಪೆ ಮೇಲೆ ಜಿಗುಟಾಗಿ ಒಸರಿರೋದು ಅದೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಿಂದೆ ರಾಗಿ ಹೊಲದಲ್ಲೇ ಅವರೆಯನ್ನ ಅಕ್ಕಡಿ ಸಾಲು ಹಾಕೋರು. ನಾಟಿ ಅವರೆ ಹಗಲು ಮೋಟಾಗೋವರೆಗೂ ಹೂ ಬಿಡಲ್ಲ. ಅದಕ್ಕೇ ಮಂಜು ಬೀಳೋ ಕಾಲಕ್ಕೆ ಕಾಯಿ, ಸಂಕ್ರಾಂತಿವರೆಗೂ ಮನೆಮನೇಲೂ ಹಿದುಕಿದ ಬೇಳೆ ಸಾರು, ತೆಲುಗು ಮಾತಾಡೋರ ಮನೇಲಿ ಪಿತಿಕಿಪಪ್ಪು. ಮಂಜು ಚೆನ್ನಾಗಿ ಬಿದ್ರೆ ಸೊಗಡೂ ಜಾಸ್ತಿ ಅನ್ನೋದು ಹಿರಿಯರ ಮಾತು. ಸಂತೇಲಿ ಕಾಯಿ ಮೂಸಿ, ಬೆರಳಿಗೆ ಅಂಟುತ್ತಾ ನೋಡಿ ಚೌಕಾಸಿ ಮಾಡ್ತಿದ್ದೋರು ಹೆಂಗಸರು.

ಆ ಅಂಟಲ್ಲಿ ಏನೈತೆ ಅಂತ ಫರ್ನಾಂಡಿಸ್ ಮತ್ತು ನಾಗೇಂದ್ರಪ್ಪ ಅನ್ನೋ ರಸಾಯನ ವಿಜ್ಞಾನಿಗಳು 1979ರಲ್ಲಿ ‘ಜರ್ನಲ್ ಆಫ್ ಅಗ್ರಿಕಲ್ಚರಲ್ ಅಂಡ್ ಫುಡ್ ಕೆಮಿಸ್ಟ್ರಿ’ ಪತ್ರಿಕೇಲಿ ಬರೆದ್ರು. ಅದರಲ್ಲಿ ಎರಡು ಕೊಬ್ಬಿನಾಮ್ಲ ಸಿಕ್ಕಿದ್ವು. ಒಂದು 12 ಇಂಗಾಲದ ಸರ, ಇನ್ನೊಂದು 14ರದ್ದು.

ಕಡ್ಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ತುಪ್ಪ ಎಲ್ಲದರಲ್ಲೂ ಇರೋದು ಕೊಬ್ಬಿನಾಮ್ಲಗಳೇ. ಆದ್ರೆ ಅಲ್ಲಿ ಮೂರು ಮೂರು ಆಮ್ಲ ಒಂದೊಂದು ಗ್ಲಿಸರಾಲ್‌ಗೆ ಕಟ್ಟಿಕೊಂಡಿರ್ತವೆ. ಎಣ್ಣೆಬೀಜಗಳಿಗೆ ಅದು ಮೊಳಕೆಗೆ ಕಟ್ಟಿಟ್ಟ ಬುತ್ತಿ. ಕಡ್ಲೆಬೀಜದ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಅವರೆ ಬೀಜದ ಬುತ್ತಿ ಹೆಚ್ಚಾಗಿ ಪಿಷ್ಟ, ಪ್ರೋಟೀನು. ಎಣ್ಣೆ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಸೊಗಡಿನ ಆಮ್ಲಗಳು ಬೀಜದೊಳಗಿನ ಬುತ್ತಿಯಲ್ಲ, ಸಿಪ್ಪೆ ಮೇಲೆ ಬಿಡಿಬಿಡಿಯಾಗಿ ಇರ್ತವೆ. ಕಟ್ಟಿಲ್ಲ, ಸರವೂ ಮೋಟು. ಹಂಗಾಗಿ ಅಡುಗೆ ಎಣ್ಣೆಗಿಂತ ಸುಲಭವಾಗಿ ಗಾಳಿಗೆ ಸೇರ್ತವೆ.

ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಎಚ್‌ಎ-3, ಎಚ್‌ಎ-4 ಅನ್ನೋ ಹೆಬ್ಬಾಳ ಅವರೆ ತಳಿಗಳು ಬಂದ್ವು. ಇವು ಹಗಲಿನ ಲೆಕ್ಕ ನೋಡಲ್ಲ, ನೀರಿದ್ರೆ ಬೇಸಿಗೇಲೂ ಕಾಯಿ ಬಿಡ್ತವೆ. ರೈತರ ಕೈಗೆ ಕಾಸು ಬಂತು, ನಮಗೆ ವರ್ಷವೆಲ್ಲ ಕಾಯಿ ಸಿಕ್ತು. ಆದ್ರೂ “ನಾಟಿ ಸೊಗಡಿಲ್ಲ” ಅನ್ನೋ ದೂರು ಸಂತೇಲಿ ನಿಂತಿಲ್ಲ. ಈಗ ತಳಿಗಾರರೂ ಇಳುವರಿ ಜತೆಗೆ ಸೊಗಡನ್ನ ಒಂದು ಗುಣ ಅಂತ ಲೆಕ್ಕಕ್ಕೆ ತಗೋತಾರೆ. ಹೆಂಗಸರು ಮೂಗಲ್ಲೇ ಮಾಡ್ತಿದ್ದ ಪರೀಕ್ಷೆ ಅದು.

ಸೊಗಡು ಗಿಡದ ವಂಶದಲ್ಲಿ ಬರೋ ಗುಣ. ತಳಿ ಕಳೆದುಹೋದ್ರೆ ಎಷ್ಟು ಒಗ್ಗರಣೆ ಹಾಕಿದ್ರೂ ಬರಲ್ಲ. ಹೊಲದಲ್ಲಿ ನಾಟಿ ಅವರೆ ಉಳಿಸಿಕೊಂಡಿರೋ ಅಕ್ಕತಂಗೀರು ಈ ಸಲ ಕಾಯೆಲ್ಲ ಕಿತ್ತು ಮಾರಬೇಡಿ. ಕೈಗೆ ಚೆನ್ನಾಗಿ ಅಂಟೋ ನಾಲ್ಕು ಗಿಡ ನೋಡಿ, ಒಣಗೋಕೆ ಬಿಟ್ಟು, ಬೀಜಕ್ಕೆ ಎತ್ತಿಡಿ.