ಗಣಿತ ಸಂಶೋಧನಾ ಪ್ರಬಂಧಗಳಲ್ಲಿ ಕರ್ತೃತ್ವ ಮತ್ತು ಉಲ್ಲೇಖ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬೋಧಕ ಹುದ್ದೆ, ಪದೋನ್ನತಿ, ಸಂಶೋಧನಾ ವೇತನ ಹಾಗೂ ಅನುದಾನ ಕೋರಿ ಸಲ್ಲಿಸುವ ಅರ್ಜಿಗಳಲ್ಲಿ ಪ್ರಕಟಿತ ಪ್ರಬಂಧಗಳು, ಸಹಲೇಖಕರ ಹೆಸರುಗಳು ಮತ್ತು ಉಲ್ಲೇಖಗಳ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಈ ವಿಷಯಗಳಲ್ಲಿ ಗಣಿತಶಾಸ್ತ್ರದ ಪದ್ಧತಿಯು ಇತರ ಹಲವು ವಿಜ್ಞಾನ ಶಾಖೆಗಳ ಪದ್ಧತಿಗಿಂತ ಭಿನ್ನವಾಗಿದೆ. ಈ ಭಿನ್ನತೆಯನ್ನು ಗಮನಿಸದಿದ್ದಲ್ಲಿ ಅರ್ಹ ಅಭ್ಯರ್ಥಿಯ ಕೆಲಸಕ್ಕೆ ಕಡಿಮೆ ಬೆಲೆ ದೊರೆಯುವ ಸಂಭವವಿದೆ. ಆದ್ದರಿಂದ ಗಣಿತ ವಿಷಯದ ಅರ್ಜಿದಾರರ ತಿಳಿವಳಿಕೆಗಾಗಿ ಮುಖ್ಯ ಅಂಶಗಳನ್ನು ಇಲ್ಲಿ ನೀಡಲಾಗಿದೆ.

1. ಲೇಖಕರ ಹೆಸರುಗಳ ಅನುಕ್ರಮ

ಪ್ರಯೋಗಾಲಯ ಆಧಾರಿತ ವಿಜ್ಞಾನಗಳಲ್ಲಿ ಸಾಮಾನ್ಯವಾಗಿ ಹೆಚ್ಚಿನ ಕೆಲಸ ಮಾಡಿದವರ ಹೆಸರು ಮೊದಲಿಗೂ, ತಂಡದ ಮುಖ್ಯಸ್ಥರ ಹೆಸರು ಕೊನೆಗೂ ಬರುತ್ತದೆ. ಗಣಿತದಲ್ಲಿ ಹೆಸರುಗಳನ್ನು ಬಹುಪಾಲು ರೋಮನ್ ಅಕ್ಷರಾನುಕ್ರಮದಲ್ಲಿ ಜೋಡಿಸಲಾಗುತ್ತದೆ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯು 2004ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ ಈ ಪದ್ಧತಿಯನ್ನು ವಿವರಿಸಿದೆ. ಜಂಟಿ ಸಂಶೋಧನೆಯಲ್ಲಿ ವಿಚಾರಗಳು ಪರಸ್ಪರ ಬೆರೆತಿರುವುದರಿಂದ ಒಬ್ಬೊಬ್ಬರ ಪಾಲನ್ನು ಪ್ರತ್ಯೇಕಿಸುವುದು ಸಾಧ್ಯವಾಗುವುದಿಲ್ಲ ಎಂಬುದು ಅದರ ಸಾರಾಂಶ.

ಭಾರತದ ಎರಡು ನಿದರ್ಶನಗಳು:

ಅ) ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ ಅವರು 1965ರಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವು ಇಬ್ಬರ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಇಲ್ಲಿ ನರಸಿಂಹನ್ ಅವರ ಹೆಸರು ಮೊದಲು ಬಂದಿರುವುದು ಅಕ್ಷರಾನುಕ್ರಮಕ್ಕೆ ಅನುಗುಣವಾಗಿಯೇ ಇದೆ. ಅದರಿಂದ ಯಾರ ಪಾಲು ಹೆಚ್ಚೆಂಬುದು ತಿಳಿಯುವುದಿಲ್ಲ.

ಆ) ಒಂದು ಸಂಖ್ಯೆಯು ಅವಿಭಾಜ್ಯವೇ ಎಂಬುದನ್ನು ಶೀಘ್ರವಾಗಿ ನಿರ್ಧರಿಸುವ ವಿಧಾನವನ್ನು ಕಾನ್ಪುರದ ಐಐಟಿಯಲ್ಲಿ 2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರು ಕಂಡುಹಿಡಿದರು. ಪ್ರಬಂಧವು 2004ರಲ್ಲಿ ಅದೇ ಆನಲ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರುಗಳ ಕ್ರಮವು ಇಲ್ಲಿಯೂ ಅಕ್ಷರಾನುಕ್ರಮವೇ ಆಗಿದೆ. ಸಕ್ಸೇನಾ ಅವರು ಮೂರನೆಯವರಾಗಿರುವುದು ಅವರ ಪಾಲು ಕಡಿಮೆ ಎಂಬುದರ ಸೂಚನೆಯಲ್ಲ.

2. ಅಂಕ ನೀಡಿಕೆಯಲ್ಲಿ ಉಂಟಾಗುವ ತೊಡಕು

ವಿಶ್ವವಿದ್ಯಾಲಯ ಅನುದಾನ ಆಯೋಗವು ಬೋಧಕರ ನೇಮಕಾತಿಗೆ ಸಂಬಂಧಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಜಂಟಿ ಪ್ರಬಂಧಗಳ ಅಂಕ ಹಂಚಿಕೆಯನ್ನು ಈ ಕೆಳಕಂಡಂತೆ ನಿಗದಿಪಡಿಸಲಾಯಿತು.

- ಇಬ್ಬರು ಲೇಖಕರಿದ್ದಲ್ಲಿ: ಪ್ರತಿಯೊಬ್ಬರಿಗೂ ಶೇ. 70.
- ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಲ್ಲಿ: ಪ್ರಥಮ, ಪ್ರಧಾನ ಅಥವಾ ಪತ್ರವ್ಯವಹಾರದ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬ ಸಹಲೇಖಕರಿಗೆ ಶೇ. 30.

ಮೂವರು ಸಮಾನವಾಗಿ ದುಡಿದ ಗಣಿತ ಪ್ರಬಂಧಕ್ಕೆ ಇದನ್ನು ಯಾಂತ್ರಿಕವಾಗಿ ಅನ್ವಯಿಸಿದಲ್ಲಿ, ಹೆಸರಿನ ಮೊದಲಕ್ಷರವೇ ಅಂಕವನ್ನು ನಿರ್ಧರಿಸಿದಂತಾಗುತ್ತದೆ. ಆದರೆ ನಿಯಮದಲ್ಲಿ ಪ್ರಥಮ ಲೇಖಕರನ್ನಷ್ಟೇ ಅಲ್ಲದೆ ಪ್ರಧಾನ ಲೇಖಕರು ಹಾಗೂ ಪತ್ರವ್ಯವಹಾರದ ಲೇಖಕರನ್ನೂ ಹೆಸರಿಸಲಾಗಿದೆ ಎಂಬುದನ್ನು ಗಮನಿಸತಕ್ಕದ್ದು.

3. ಉಲ್ಲೇಖಗಳ ಎಣಿಕೆ

ಒಂದು ಪ್ರಬಂಧವನ್ನು ಇತರ ಪ್ರಬಂಧಗಳು ಆಧಾರವಾಗಿ ಹೆಸರಿಸುವುದನ್ನು ಉಲ್ಲೇಖವೆಂದು ಕರೆಯಲಾಗುತ್ತದೆ. ಉಲ್ಲೇಖಗಳನ್ನು ಆಧರಿಸಿದ ಎರಡು ಅಳತೆಗಳು ವ್ಯಾಪಕವಾಗಿ ಬಳಕೆಯಲ್ಲಿವೆ.

ಅ) ಇಂಪ್ಯಾಕ್ಟ್ ಫ್ಯಾಕ್ಟರ್: ಇದು ಪತ್ರಿಕೆಯ ಅಳತೆಯೇ ಹೊರತು ವ್ಯಕ್ತಿಯದಲ್ಲ. ಪತ್ರಿಕೆಯ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಒಂದು ವರ್ಷದಲ್ಲಿ ದೊರೆತ ಉಲ್ಲೇಖಗಳ ಸಂಖ್ಯೆಯನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿ ಇದನ್ನು ಪಡೆಯಲಾಗುತ್ತದೆ.

ಆ) ಎಚ್-ಸೂಚ್ಯಂಕ: ಇದನ್ನು 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದರು. ಕನಿಷ್ಠ 10 ಉಲ್ಲೇಖಗಳನ್ನು ಪಡೆದ 10 ಪ್ರಬಂಧಗಳಿದ್ದಲ್ಲಿ ಸೂಚ್ಯಂಕವು 10 ಆಗುತ್ತದೆ. ಐದೇ ಪ್ರಬಂಧಗಳನ್ನು ಬರೆದವರ ಸೂಚ್ಯಂಕವು, ಪ್ರತಿಯೊಂದಕ್ಕೂ ನೂರಾರು ಉಲ್ಲೇಖಗಳಿದ್ದರೂ, 5ನ್ನು ಮೀರುವುದಿಲ್ಲ.

ಗಣಿತದ ಫಲಿತಾಂಶವನ್ನು ಓದಿ, ಪರಿಶೀಲಿಸಿ, ಮುಂದಿನ ಕೆಲಸದಲ್ಲಿ ಬಳಸಲು ವರ್ಷಗಳೇ ಬೇಕಾಗುತ್ತವೆ. ಅಂತಾರಾಷ್ಟ್ರೀಯ ಗಣಿತ ಒಕ್ಕೂಟವು ಇತರ ಎರಡು ಸಂಸ್ಥೆಗಳೊಂದಿಗೆ 2008ರಲ್ಲಿ ಪ್ರಕಟಿಸಿದ ಉಲ್ಲೇಖ ಅಂಕಿಅಂಶಗಳ ವರದಿಯ ಪ್ರಕಾರ, ಗಣಿತ ಪತ್ರಿಕೆಗಳಿಗೆ ಬರುವ ಉಲ್ಲೇಖಗಳಲ್ಲಿ ಸುಮಾರು ಶೇ. 90ರಷ್ಟು ಈ ಎರಡು ವರ್ಷಗಳ ಅವಧಿಯ ಹೊರಗೆ ಉಳಿಯುತ್ತವೆ. ಪ್ರಸಿದ್ಧವಾದ ಪ್ರಮೇಯಗಳನ್ನು ಕಾಲಕ್ರಮೇಣ ಹೆಸರಿನಿಂದ ಮಾತ್ರ ಕರೆದು, ಮೂಲ ಪ್ರಬಂಧವನ್ನು ಉಲ್ಲೇಖಿಸದೆ ಬಿಡುವುದೂ ಉಂಟು. ಆದುದರಿಂದ ಗಣಿತದ ಅಂಕಿಗಳನ್ನು ಜೀವವಿಜ್ಞಾನ ಅಥವಾ ವೈದ್ಯಕೀಯ ವಿಷಯಗಳ ಅಂಕಿಗಳೊಂದಿಗೆ ನೇರವಾಗಿ ಹೋಲಿಸುವುದು ಸಮಂಜಸವಲ್ಲ.

ಒಟ್ಟು ಉಲ್ಲೇಖಗಳ ಪ್ರಮಾಣ ಕಡಿಮೆಯಿರುವ ವಿಷಯದಲ್ಲಿ ಪರಸ್ಪರ ಉಲ್ಲೇಖಿಸಿಕೊಳ್ಳುವ ಸಣ್ಣ ಗುಂಪೂ ಅಂಕಿಗಳನ್ನು ಏರುಪೇರು ಮಾಡಬಲ್ಲದು. ಹೆಚ್ಚು ಉಲ್ಲೇಖಿತ ಸಂಶೋಧಕರ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆಯು 2023ರ ಪಟ್ಟಿಯಿಂದ ಗಣಿತ ವಿಭಾಗವನ್ನು ಕೈಬಿಟ್ಟಿತ್ತು.

4. ಹೆಸರಿನ ಏಕರೂಪತೆ

ಕರ್ನಾಟಕದ ಅನೇಕರಿಗೆ ಕುಲನಾಮವಿರುವುದಿಲ್ಲ. ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಈ ಅಕ್ಷರಗಳು ವಿಸ್ತರಣೆಗೊಂಡಾಗ, ಒಂದು ಪ್ರಬಂಧದಲ್ಲಿ ಸ್ವಂತ ಹೆಸರಿನಿಂದಲೂ ಮತ್ತೊಂದರಲ್ಲಿ ಊರಿನ ಹೆಸರಿನಿಂದಲೂ ಅದೇ ವ್ಯಕ್ತಿಯು ದಾಖಲಾಗಬಹುದು. ಇದರಿಂದ ಒಬ್ಬರ ಕೆಲಸವು ಇಬ್ಬರ ಖಾತೆಯಲ್ಲಿ ಹಂಚಿಹೋಗುತ್ತದೆ. ಅಕ್ಷರಾನುಕ್ರಮದಲ್ಲಿನ ಸ್ಥಾನವೂ ಬದಲಾಗುತ್ತದೆ.

1940ರಲ್ಲಿ ಆರಂಭವಾದ ಮ್ಯಾಥಮ್ಯಾಟಿಕಲ್ ರಿವ್ಯೂಸ್ ಪ್ರತಿ ಲೇಖಕರಿಗೂ ಪ್ರತ್ಯೇಕ ಗುರುತಿನ ಸಂಖ್ಯೆಯನ್ನು ನೀಡುತ್ತದೆ. ಜರ್ಮನಿಯ ಝಡ್‌ಬಿಮ್ಯಾಥ್ ದತ್ತಸಂಗ್ರಹವು 2021ರಿಂದ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿದೆ. 2012ರಲ್ಲಿ ಆರಂಭವಾದ ಆರ್ಕಿಡ್ ವ್ಯವಸ್ಥೆಯಲ್ಲಿ ಸಂಶೋಧಕರು 16 ಅಂಕಿಗಳ ಗುರುತಿನ ಸಂಖ್ಯೆಯನ್ನು ಶುಲ್ಕವಿಲ್ಲದೆ ಪಡೆಯಬಹುದು.

5. ಕೃತಿಚೌರ್ಯ ತಡೆ ನಿಯಮಗಳು

ಆಯೋಗದ 2018ರ ಶೈಕ್ಷಣಿಕ ಪ್ರಾಮಾಣಿಕತೆ ನಿಯಮಾವಳಿಯ ಪ್ರಕಾರ ಮಹಾಪ್ರಬಂಧಗಳಲ್ಲಿ ಕಂಡುಬರುವ ಸಾಮ್ಯಕ್ಕೆ ಕ್ರಮಗಳು ಇಂತಿವೆ:

- ಶೇ. 10ರವರೆಗೆ: ದಂಡನೆ ಇಲ್ಲ.
- ಶೇ. 10 ಮೀರಿ 40ರವರೆಗೆ: 6 ತಿಂಗಳು ಮೀರದ ಅವಧಿಯೊಳಗೆ ಪರಿಷ್ಕೃತ ಪ್ರತಿ ಸಲ್ಲಿಸಬೇಕು.
- ಶೇ. 40 ಮೀರಿ 60ರವರೆಗೆ: 1 ವರ್ಷ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ.
- ಶೇ. 60 ಮೀರಿದಲ್ಲಿ: ನೋಂದಣಿ ರದ್ದು.

ಪ್ರಮಾಣಿತ ಸಂಕೇತಗಳು ಮತ್ತು ಸಮೀಕರಣಗಳು, ನಿಯಮಗಳು, ಗ್ರಂಥಸೂಚಿ ಇವುಗಳನ್ನು ಸಾಮ್ಯದ ಲೆಕ್ಕದಿಂದ ಹೊರಗಿಡಲಾಗಿದೆ. ಆದರೆ ಬೇರೆಯವರ ಸಾಧನೆಯ ತಿರುಳನ್ನು ಬೇರೆ ಮಾತುಗಳಲ್ಲಿ ಬರೆದಾಗ ತಂತ್ರಾಂಶವು ಅದನ್ನು ಗುರುತಿಸದಿರಬಹುದು. ಪದಗಳು ಬದಲಾದ ಮಾತ್ರಕ್ಕೆ ವಿಚಾರದ ಋಣ ತೀರುವುದಿಲ್ಲ, ಮೂಲವನ್ನು ಉಲ್ಲೇಖಿಸಲೇಬೇಕು.

6. ಅರ್ಜಿದಾರರ ಗಮನಕ್ಕೆ

1) ಲೇಖಕರ ಹೆಸರುಗಳು ಅಕ್ಷರಾನುಕ್ರಮದಲ್ಲಿದ್ದಲ್ಲಿ, ಪ್ರಬಂಧಗಳ ಪಟ್ಟಿಯ ಆರಂಭದಲ್ಲಿಯೇ ಆ ಸಂಗತಿಯನ್ನು ಒಂದು ವಾಕ್ಯದಲ್ಲಿ ನಮೂದಿಸುವುದು ಸೂಕ್ತ.

2) ಪತ್ರವ್ಯವಹಾರದ ಲೇಖಕರಾಗಿದ್ದಲ್ಲಿ, ಅದನ್ನು ತೋರಿಸುವ ಪ್ರಬಂಧದ ಪುಟದ ಪ್ರತಿಯನ್ನು ಲಗತ್ತಿಸಬೇಕು.

3) ಎಲ್ಲ ಪ್ರಬಂಧಗಳಲ್ಲಿಯೂ ಹೆಸರನ್ನು ಒಂದೇ ರೂಪದಲ್ಲಿ ಬರೆಯಬೇಕು. ಹಿಂದಿನ ಪ್ರಬಂಧಗಳಲ್ಲಿ ಬೇರೆ ರೂಪವಿದ್ದಲ್ಲಿ ಎರಡನ್ನೂ ತಿಳಿಸಬೇಕು.

4) ಉಲ್ಲೇಖಗಳ ಸಂಖ್ಯೆಯನ್ನು ಯಾವ ದತ್ತಸಂಗ್ರಹದಿಂದ, ಯಾವ ದಿನಾಂಕದಂದು ಪಡೆಯಲಾಯಿತೆಂಬುದನ್ನು ನಮೂದಿಸಬೇಕು. ಒಂದೇ ಪ್ರಬಂಧಕ್ಕೆ ಬೇರೆ ಬೇರೆ ದತ್ತಸಂಗ್ರಹಗಳು ಬೇರೆ ಬೇರೆ ಸಂಖ್ಯೆಯನ್ನು ತೋರಿಸುತ್ತವೆ.

5) ಆಯೋಗವು 2018ರಲ್ಲಿ ಘೋಷಿಸಿದ ಕೇರ್ ಪತ್ರಿಕಾ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಲಾಗಿದೆ. ಆದ್ದರಿಂದ ಸಂಬಂಧಪಟ್ಟ ಅಧಿಸೂಚನೆಯಲ್ಲಿ ಕೋರಿರುವ ಮಾನದಂಡವನ್ನು ಓದಿ ಖಚಿತಪಡಿಸಿಕೊಂಡ ನಂತರವೇ ಅರ್ಜಿ ಸಲ್ಲಿಸತಕ್ಕದ್ದು.