ರಾಸಾಯನಿಕ ಸ್ವಪೋಷಣೆ

ರಾಸಾಯನಿಕ ಸ್ವಪೋಷಣೆ: ಸೂರ್ಯರಶ್ಮಿಯ ನೇರ ನೆರವಿಲ್ಲದೆ, ನಿರವಯವ ಪದಾರ್ಥಗಳ ಉತ್ಕರ್ಷಣದಿಂದ ಒದಗುವ ಶಕ್ತಿಯನ್ನು ಬಳಸಿ, ಇಂಗಾಲದ ಡೈಆಕ್ಸೈಡನ್ನು ಸಾವಯವ ಆಹಾರವನ್ನಾಗಿ ಮಾರ್ಪಡಿಸಿಕೊಳ್ಳುವ ಪೋಷಣಕ್ರಮ. ಹಸಿರು ಸಸ್ಯಗಳು ಬೆಳಕಿನಿಂದ ಶಕ್ತಿಯನ್ನೂ ವಾಯುವಿನಿಂದ ಇಂಗಾಲವನ್ನೂ, ಪ್ರಾಣಿಗಳೂ ಶಿಲೀಂಧ್ರಗಳೂ ಅನ್ಯಜೀವಿಗಳು ನಿರ್ಮಿಸಿದ ಸಾವಯವ ದ್ರವ್ಯದಿಂದ ಇವೆರಡನ್ನೂ ಪಡೆಯುವುವಾದರೆ, ಈ ಕ್ರಮವು ಕೆಲವು ಬ್ಯಾಕ್ಟೀರಿಯ ಹಾಗೂ ಆರ್ಕಿಯಗಳಿಗೆ ಮಾತ್ರ ಸಾಧ್ಯವಾಗಿದೆ.

ಬೆಗ್ಗಿಯಟೋವ ಎಂಬ ಬ್ಯಾಕ್ಟೀರಿಯವು ಹೈಡ್ರೊಜನ್ ಸಲ್ಫೈಡನ್ನು ಉತ್ಕರ್ಷಿಸಿ, ಗಂಧಕದ ಕಣಗಳನ್ನು ಕೋಶದೊಳಗೆ ಶೇಖರಿಸಿ, ತನ್ಮೂಲಕ ಶಕ್ತಿಯನ್ನು ಗಳಿಸುವುದೆಂದು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1887ರಲ್ಲಿ ಪ್ರಕಟಪಡಿಸಿದನು. ತರುವಾಯ ಮಣ್ಣಿನಲ್ಲಿ ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ, ಅವುಗಳ ಸ್ವಪೋಷಕತ್ವವನ್ನು ಸ್ಥಾಪಿಸಿದನು.

1977ರಲ್ಲಿ ಗ್ಯಾಲಪಗಸ್ ದ್ವೀಪಗಳ ಸಮೀಪ, ಸುಮಾರು 2,500 ಮೀಟರ್ ಆಳದ ಸಮುದ್ರತಳದಲ್ಲಿ, ಉಷ್ಣಜಲದ ಬುಗ್ಗೆಗಳನ್ನು ಆಶ್ರಯಿಸಿದ ಸಮೃದ್ಧ ಜೀವಸಮುದಾಯವು ಗೋಚರವಾಯಿತು. ಅಲ್ಲಿನ ರಿಫ್ಟಿಯ ಎಂಬ ದೈತ್ಯ ನಳಿಕಾಹುಳುವಿನ ಪ್ರೌಢಾವಸ್ಥೆಯಲ್ಲಿ ಬಾಯಿಯಾಗಲಿ ಜೀರ್ಣನಾಳವಾಗಲಿ ಇರುವುದಿಲ್ಲ. ಅದು ಕೆಂಪು ಕಿವಿರುಗಳಿಂದ ಸಲ್ಫೈಡನ್ನು ಹೀರಿ, ದೇಹದೊಳಗಿನ ಸಹಜೀವಿ ಬ್ಯಾಕ್ಟೀರಿಯಗಳಿಗೆ ಒದಗಿಸಿ, ಅವು ತಯಾರಿಸುವ ಆಹಾರದಿಂದ ಜೀವಿಸುತ್ತದೆ.

ನೈಟ್ರೊಜನ್ ಮತ್ತು ಗಂಧಕಗಳ ಪ್ರಾಕೃತಿಕ ಚಕ್ರಗಳೂ, ಸಸ್ಯಗಳಿಗೆ ನೈಟ್ರೇಟ್ ದೊರಕಿಸುವ ಮಣ್ಣಿನ ಫಲವತ್ತತೆಯೂ ಬಹುಮಟ್ಟಿಗೆ ರಾಸಾಯನಿಕ ಸ್ವಪೋಷಕ ಜೀವಿಗಳನ್ನು ಅವಲಂಬಿಸಿವೆ.